ಬಲದಿಂದ ಎಡಕ್ಕೆ ದೇವನಹಳ್ಳಿ

"ಅಮ್ಮ, ಪುಸ್ತಕ ಹಿಂದಿನಿಂದ ಓದ್ತಾ ಇದೀರ."

ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಹುಡುಗಿ ಹೇಳಿದಳು. ಕೊರಳಲ್ಲಿ ಕಂಪನಿಯ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿ. ವಯಸ್ಸಾದ ಹೆಂಗಸಿಗೆ ಕನ್ನಡಕ ಸರಿಯಿಲ್ಲ ಅಂದುಕೊಂಡಿರಬೇಕು. "ಇಲ್ಲ ಕಣಮ್ಮ, ಇದು ಜಪಾನಿನ ಚಿತ್ರಕಥೆ, ಇದನ್ನ ಹೀಗೇ ಓದೋದು. ಬಲಗಡೆಯಿಂದ ಶುರು" ಅಂದೆ. ಪುಟ ತಿರುಗಿಸಿ ತೋರಿಸಿದೆ. ಅವಳು ಎರಡು ಪುಟ ನೋಡಿ ನಕ್ಕಳು. ಅಷ್ಟರಲ್ಲಿ ಅವಳ ಕಂಪನಿ ಬಸ್ಸು ಬಂತು, ನನ್ನ ದೇವನಹಳ್ಳಿ ಬಸ್ಸು ಬರಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಮಗಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ಮೇಲೆ ನಾನು ಮಧ್ಯಾಹ್ನದ ಹೊತ್ತು ಸೀರಿಯಲ್ ಹಚ್ಚಿಕೊಳ್ಳುತ್ತೇನೆ ಅಂತ ಅವಳಿಗೆ ಭಯ. ದಸರಾ ರಜೆಗೆ ಬಂದವಳು ಒಂದು ಚೀಲ ತುಂಬ ಪುಸ್ತಕ ಬಿಟ್ಟು ಹೋದಳು. ಎರಡು ಮಾಂಗಾ, ಒಂದಿಷ್ಟು ಸೈನ್ಸ್ ಫಿಕ್ಷನ್. ಅದರ ಜೊತೆಗೆ ನನ್ನದೇ ಕಪಾಟಿನ ಕೆ.ಎಸ್. ನಿಸಾರ್ ಅಹಮದ್ ಸೇರಿಕೊಂಡರು. ಮಗ್ಗದ ಬೀದಿಯ ಮನೆ ನಮ್ಮದು. ಬೆಳಗ್ಗೆಯಿಂದ ರಾತ್ರಿವರೆಗೆ ಪವರ್‌ಲೂಮಿನ ಲಟಪಟ. ಈ ಸದ್ದಲ್ಲಿ ಹೇಗೆ ಓದ್ತೀರಿ ಅಂತ ಬಂದ ನೆಂಟರೆಲ್ಲ ಕೇಳುತ್ತಾರೆ. ಡಿ.ಆರ್. ನಾಗರಾಜ್ 1954ರಲ್ಲಿ ಹುಟ್ಟಿದ್ದು ಇದೇ ಊರಿನ ನೇಕಾರರ ಮನೆಯಲ್ಲಿ ತಾನೇ, ಅವರು ಓದಲಿಲ್ಲವಾ ಅನ್ನುತ್ತೇನೆ. ನೆಂಟರು ಮಾತು ಬದಲಾಯಿಸುತ್ತಾರೆ.

ಆ ದಿನ ಮಾತ್ರ ಓದೋಕೆ ಅಂತ ಹೊರಟಿದ್ದಲ್ಲ. ಹಿಂದಿನ ರಾತ್ರಿ ಅಣ್ಣ ಫೋನ್ ಮಾಡಿದ್ದ. "ಶನಿವಾರ ಬಂದು ಹೋಗಮ್ಮ, ಒಂದು ಸೈನ್ ಬೇಕು." ಯಾಕೆ ಅಂತ ಕೇಳಲಿಲ್ಲ. 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳ ಸಹಿ ಇಲ್ಲದೆ ಪಿತ್ರಾರ್ಜಿತ ಜಮೀನು ಯಾರೂ ಕೊಳ್ಳುವುದಿಲ್ಲ. ಅಲ್ಲಿಂದೀಚೆಗೆ ನಮ್ಮ ಕಡೆ ತವರಿನಿಂದ ಕರೆ ಬಂದರೆ ಒಂದೋ ಹಬ್ಬ, ಇಲ್ಲಾ ಸಹಿ. ಹಬ್ಬ ಕಳೆದಿತ್ತು.

ಬಸ್ಸು ಬಂತು. ಕಿಟಕಿ ಪಕ್ಕ ಜಾಗ ಸಿಕ್ಕಿತು. ಕಂಡಕ್ಟರ್ ಕೊಟ್ಟ ಸೊನ್ನೆ ರೂಪಾಯಿ ಟಿಕೆಟ್ಟನ್ನು ಪುಟದ ಗುರುತಿಗೆ ಇಟ್ಟುಕೊಂಡೆ. ಶಕ್ತಿ ಯೋಜನೆ ಬಂದಮೇಲೆ ನನ್ನ ಪುಸ್ತಕಗಳಲ್ಲೆಲ್ಲ ಇಂಥ ಚೀಟಿಗಳೇ.

ಕೈಲಿದ್ದ ಮಾಂಗಾದ ಹೆಸರು 'ಯೊಕೊಹಾಮಾ ಕೈದಾಶಿ ಕಿಕೊ'. ಬರೆದು ಚಿತ್ರಿಸಿದವರು ಹಿತೋಶಿ ಅಶಿನಾನೊ. 1994ರಿಂದ 2006ರವರೆಗೆ ಜಪಾನಿನ ಒಂದು ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತಂತೆ. ನಾವು ತರಂಗ, ಸುಧಾಗಳಲ್ಲಿ ಧಾರಾವಾಹಿಗೆ ಕಾಯುತ್ತಿದ್ದ ಹಾಗೆ ಅಲ್ಲಿಯವರು ಹನ್ನೆರಡು ವರ್ಷ ಇದಕ್ಕೆ ಕಾದಿದ್ದಾರೆ. ಹೆಸರನ್ನು ನಮ್ಮ ಭಾಷೆಯಲ್ಲಿ ಹೇಳಬೇಕಂದರೆ 'ಯೊಕೊಹಾಮಾ ಪೇಟೆಗೆ ಸಾಮಾನು ತರೋಕೆ ಹೋಗಿ ಬಂದ ಕಥೆ' ಅನ್ನಬಹುದು. ಆಲ್ಫಾ ಅಂತ ಒಬ್ಬಳು ಹುಡುಗಿ. ಮನುಷ್ಯಳಲ್ಲ, ರೋಬೋ. ಊರಾಚೆ ಸಮುದ್ರದ ಬದಿಯಲ್ಲಿ ಒಂದು ಸಣ್ಣ ಕಾಫಿ ಅಂಗಡಿ ನಡೆಸುತ್ತಾಳೆ. ಯಜಮಾನ ಎಲ್ಲೋ ಹೋಗಿದ್ದಾನೆ, ಯಾವಾಗ ಬರುತ್ತಾನೋ ತಿಳಿಯದು. ಗಿರಾಕಿಗಳೂ ಅಷ್ಟಕ್ಕಷ್ಟೇ. ಕಾಫಿ ಬೀಜ ಮುಗಿದಾಗ ಸ್ಕೂಟರ್ ಹತ್ತಿ ಯೊಕೊಹಾಮಾಕ್ಕೆ ಹೋಗಿ ತರುತ್ತಾಳೆ. ಕಥೆ ಇಷ್ಟೇ ಅಂದರೆ ನಂಬುತ್ತೀರಾ?

ಆದರೆ ಆ ಲೋಕದಲ್ಲಿ ಸಮುದ್ರ ಮೇಲಕ್ಕೆ ಬಂದಿದೆ. ರಸ್ತೆಗಳು ಹೋಗ್ತಾ ಹೋಗ್ತಾ ನೀರೊಳಗೆ ಇಳಿದುಬಿಡುತ್ತವೆ. ಜನ ಕಡಿಮೆಯಾಗಿದ್ದಾರೆ. ಇರುವವರು ಒಬ್ಬರಿಗೊಬ್ಬರು ಕಲ್ಲಂಗಡಿ ಹಂಚಿಕೊಂಡು, ಸಂಜೆ ಹೊತ್ತು ಮಾತಾಡಿಕೊಂಡು ಇದ್ದಾರೆ. ಒಂದು ಕಡೆ ಕತ್ತಲಾದ ಮೇಲೆ ಮುಳುಗಿದ ಊರಿನ ಬೀದಿ ದೀಪಗಳು ನೀರೊಳಗೇ ಹತ್ತಿಕೊಳ್ಳುತ್ತವೆ. ಆ ಚಿತ್ರದಲ್ಲಿ ಮಾತೇ ಇಲ್ಲ. ರಾಜಘಟ್ಟ ದಾಟುವವರೆಗೂ ನಾನು ಅದೊಂದನ್ನೇ ನೋಡುತ್ತಿದ್ದೆ.

ತಲೆಯೆತ್ತಿದರೆ ಎಡಕ್ಕೆ ನಂದಿಬೆಟ್ಟ, ನೆತ್ತಿಗೆ ಮೋಡ. ರಾಗಿ ಹೊಲಗಳು ಕೊಯ್ಲಿಗೆ ಬಂದಿದ್ದವು. ನಡುನಡುವೆ ದ್ರಾಕ್ಷಿ ಚಪ್ಪರ, ಗುಲಾಬಿ ಬೆಳೆಯೋ ಪಾಲಿಹೌಸು, ಆಮೇಲೆ ಇದ್ದಕ್ಕಿದ್ದಂತೆ ಒಂದು ಕಮಾನು. ಕಮಾನಿನೊಳಗೆ ಮನೆ ಇಲ್ಲ. ಸೈಟಿನ ಕಲ್ಲುಗಳು, ಸಾಲು ಲೈಟು ಕಂಬ, ಹುಲ್ಲುಹಾಸು, ಅದಕ್ಕೆ ತಿರುಗಿ ತಿರುಗಿ ನೀರು ಚಿಮುಕಿಸೋ ಸ್ಪ್ರಿಂಕ್ಲರು. ಒಂದು ನರಪಿಳ್ಳೆ ಇಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ಹೊಸ ವರ್ತುಲ ರಸ್ತೆ ಬಂದಮೇಲೆ ಇಂಥ ಕಮಾನುಗಳು ಅಣಬೆ ಎದ್ದ ಹಾಗೆ ಎದ್ದಿವೆ.

ಸ್ಪ್ರಿಂಕ್ಲರ್ ನೋಡಿದ ಕೂಡಲೇ ರೇ ಬ್ರಾಡ್‌ಬರಿ ನೆನಪಾದರು. 1950ರಲ್ಲಿ ಬರೆದ ಒಂದು ಸಣ್ಣಕಥೆ ಇದೆ, ಹಿಂದಿನ ವಾರವಷ್ಟೇ ಓದಿದ್ದೆ. ಕ್ಯಾಲಿಫೋರ್ನಿಯಾದ ಒಂದು ಮನೆ. ಎಲ್ಲ ತಾನಾಗೇ ನಡೆಯುತ್ತೆ. ಗಡಿಯಾರ ಎಬ್ಬಿಸುತ್ತೆ, ಒಲೆ ತಿಂಡಿ ಮಾಡುತ್ತೆ, ತೋಟಕ್ಕೆ ನೀರು ಹಾರುತ್ತೆ. ಮನೆಯವರು ಮಾತ್ರ ಇಲ್ಲ, ಅಣುಬಾಂಬಿಗೆ ಸುಟ್ಟುಹೋಗಿದ್ದಾರೆ. ಗೋಡೆ ಮೇಲೆ ಅವರ ನೆರಳಷ್ಟೇ ಉಳಿದಿದೆ. ಸಂಜೆ ಮನೆ ತಾನೇ ಒಂದು ಪದ್ಯ ಓದುತ್ತೆ. ಸಾರಾ ಟೀಸ್‌ಡೇಲ್ ಅನ್ನೋ ಕವಯಿತ್ರಿ 1918ರಲ್ಲಿ, ಮೊದಲ ಮಹಾಯುದ್ಧದ ಹೊತ್ತಲ್ಲಿ ಬರೆದ ಪದ್ಯ ಅದು. ಮನುಷ್ಯರೆಲ್ಲ ಇಲ್ಲವಾದರೂ ಮಳೆ, ಹಕ್ಕಿ, ವಸಂತಕ್ಕೆ ಗೊತ್ತೂ ಆಗಲ್ಲ ಅನ್ನುವ ಅರ್ಥದ್ದು. ಕೇಳುವವರಿಲ್ಲದ ಮನೆಯಲ್ಲಿ ಪದ್ಯ ಓದಿದ ಹಾಗೆ! ಕಥೆಗೆ ಬ್ರಾಡ್‌ಬರಿ ಇಟ್ಟ ತಾರೀಕು ಯಾವುದು ಗೊತ್ತಾ? 2026ರ ಆಗಸ್ಟ್. ಅವತ್ತಿಗೆ ಅದು ಬರೋ ವರ್ಷವೇ. ಸೈನ್ಸ್ ಫಿಕ್ಷನ್ ಬರೆಯುವವರು ಇಷ್ಟು ಹತ್ತಿರದ ತಾರೀಕು ಹಾಕಬಾರದಪ್ಪ, ಬದುಕಿರುವವರಿಗೆ ಗಾಬರಿಯಾಗುತ್ತೆ.

ನಾನು ಚಿಕ್ಕವಳಿದ್ದಾಗ ಸೈನ್ಸ್ ಫಿಕ್ಷನ್ ಅಂದರೆ ರಾಜಶೇಖರ ಭೂಸನೂರಮಠರ 'ಆಪರೇಷನ್ ಯುಎಫ್ಓ', ಆಮೇಲೆ ಮನು ಅವರ 'ಮಹಾಸಂಪರ್ಕ'. ಮಹಾಭಾರತಕ್ಕೂ ಅನ್ಯಲೋಕಕ್ಕೂ ಗಂಟು ಹಾಕಿದ ಆ ದಪ್ಪ ಪುಸ್ತಕವನ್ನು ಟೀಚರ್ಸ್ ರೂಮಿನಲ್ಲಿ ಪಾಳಿ ಹಾಕಿಕೊಂಡು ಓದಿದ್ದೆವು. ಆಕಾಶದಿಂದ ಏನಾದರೂ ಇಳಿಯಬೇಕು, ಆಗಲೇ ನಮಗೆ ಅದು ಸೈನ್ಸ್ ಫಿಕ್ಷನ್. ಆಕಾಶದಿಂದ ಇಳಿಯೋದು ನಮ್ಮ ಹೋಬಳಿಗಳ ಪಕ್ಕದಲ್ಲೇ ಶುರುವಾಗಿದ್ದು 2008ರ ಮೇ 24ರಂದು, ವಿಮಾನ ನಿಲ್ದಾಣ ತೆರೆದಾಗ. ಸುಮಾರು ನಾಲ್ಕು ಸಾವಿರ ಎಕರೆ. ಮೊದಮೊದಲು ಅಮ್ಮ ವಿಮಾನದ ಸದ್ದಿಗೆ ಅಂಗಳಕ್ಕೆ ಬಂದು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ಒಂದು ವರ್ಷಕ್ಕೆ ತಲೆಯೆತ್ತುವುದು ಬಿಟ್ಟಳು.

ದೇವನಹಳ್ಳಿಯಲ್ಲಿ ಇಳಿದಾಗ ಹನ್ನೊಂದು ಗಂಟೆ. ನಮ್ಮೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಕೋಟೆ ಕಡೆ ನಡೆದೆ. 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದ ಮಣ್ಣಿನ ಕೋಟೆ, ಆಮೇಲೆ ಹೈದರ್, ಟಿಪ್ಪು ಕಾಲದಲ್ಲಿ ಕಲ್ಲಿನದಾಯಿತು. ಒಳಗೆ ಈಗಲೂ ಮನೆಗಳಿವೆ, ವೇಣುಗೋಪಾಲಸ್ವಾಮಿ ಗುಡಿಯಿದೆ, ಬಟ್ಟೆ ಒಣಗುತ್ತಿರುತ್ತೆ. ಟಿಪ್ಪು ಹುಟ್ಟಿದ ಜಾಗಕ್ಕೆ ನಾಲ್ಕು ಕಲ್ಲುಕಂಬದ ಚಿಕ್ಕ ಮಂಟಪ, ಒಂದು ಫಲಕ.

ನನಗೆ ಬೇಕಾಗಿದ್ದದ್ದು ಇನ್ನೊಬ್ಬರು ಹುಟ್ಟಿದ ಜಾಗ. ನವೆಂಬರ್ ತಿಂಗಳಾದ್ದರಿಂದ ಆಟೋ ಸ್ಟ್ಯಾಂಡಿನಲ್ಲಿ ಕೆಂಪು ಹಳದಿ ಬಾವುಟ, ಸ್ಪೀಕರಿನಲ್ಲಿ 'ನಿತ್ಯೋತ್ಸವ'. ಎಳನೀರು ಮಾರುವವನೂ ಜೊತೆಗೆ ಗುನುಗುತ್ತಿದ್ದ.

"ಈ ಹಾಡು ಬರೆದೋರು ಇದೇ ಊರಲ್ಲಿ ಹುಟ್ಟಿದ್ದು, ಗೊತ್ತೇನಪ್ಪ?" ಅಂದೆ.

"ಎಲ್ಲಾದ್ರೂ ಉಂಟಾ ಅಮ್ಮ, ಅವ್ರು ಶಿವಮೊಗ್ಗದ ಕಡೆಯೋರು. ಜೋಗ ಬರ್ತದಲ್ಲ ಹಾಡ್ನಾಗೆ."

ಅವನ ತಪ್ಪಲ್ಲ. ನಿಸಾರ್ ಶಿವಮೊಗ್ಗದಲ್ಲಿ ಪಾಠ ಮಾಡಿದವರು. ಹಾಡಿನಲ್ಲಿ ಇರುವುದೂ ಮಲೆನಾಡೇ. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ಕ್ಯಾಸೆಟ್ ಬಂದಮೇಲೆ ಅದು ಮನೆಮನೆಯ ಹಾಡಾಯಿತು. ಆದರೆ ಅವರು ಹುಟ್ಟಿದ್ದು ಇಲ್ಲೇ, 1936ರ ಫೆಬ್ರವರಿ 5ರಂದು. ಮೊದಲ ಸಂಕಲನಕ್ಕೆ 'ಮನಸು ಗಾಂಧಿ ಬಜಾರು' ಅಂತ ಹೆಸರಿಟ್ಟರು. ದೇವನಹಳ್ಳಿ ಬಜಾರಿಗೆ ಆ ಅದೃಷ್ಟ ಬರಲಿಲ್ಲ. ನನಗೆ ನಿಸಾರ್ ಇಷ್ಟವಾಗಲು ಇನ್ನೊಂದು ಕಾರಣ, ಅವರು ಓದಿದ್ದೂ ಕಲಿಸಿದ್ದೂ ಭೂವಿಜ್ಞಾನ. ಮಕ್ಕಳಿಗೆ ಶಿಲೆಗಳ ಪಾಠ ಮಾಡುವಾಗ ನಾನು ಹೇಳುತ್ತಿದ್ದೆ: ನೀವು ಕುಂಟೆಬಿಲ್ಲೆ ಆಡೋ ಬಂಡೆಗೆ ಇನ್ನೂರೈವತ್ತು, ಮುನ್ನೂರು ಕೋಟಿ ವರ್ಷ ವಯಸ್ಸು ಕಣ್ರೋ. ನಿಮ್ಮ ಅಜ್ಜಿಯಲ್ಲ, ಡೈನೊಸಾರ್ ಕೂಡ ಅದರ ಮುಂದೆ ನಿನ್ನೆ ಹುಟ್ಟಿದ ಕೂಸು. ಅಷ್ಟು ಹಳೆಯ ಕಲ್ಲನ್ನು ದಿನಾ ಕೈಯಲ್ಲಿ ಹಿಡಿದವರು ಸಂಜೆ ಐದರ ಒಂದು ಮಳೆಗೆ ಸಂಕಲನದ ಹೆಸರನ್ನೇ ಕೊಟ್ಟರಲ್ಲ, ಅದು ನನಗೆ ವಿಚಿತ್ರ ಅನ್ನಿಸುತ್ತಿತ್ತು. ಈಗ ಅನ್ನಿಸುವುದಿಲ್ಲ. ಕೋಟಿ ವರ್ಷದ ಲೆಕ್ಕ ಹಾಕಿ ಹಾಕಿ ಸುಸ್ತಾದವರಿಗೇ ಐದು ಗಂಟೆ ಮಳೆ ಸರಿಯಾಗಿ ಕಾಣಿಸುವುದೇನೋ.

ಎಳನೀರಿನವನಿಗೆ ಇಷ್ಟೆಲ್ಲ ಹೇಳಲಿಲ್ಲ. "ಇಲ್ಲೇ ಹುಟ್ಟಿದ್ದು ಕಣಪ್ಪ, ಯಾರನ್ನಾದ್ರೂ ಕೇಳು" ಅಂದು ದುಡ್ಡು ಕೊಟ್ಟೆ. "ಹಂಗಾದ್ರೆ ನಮ್ಮೋರೇ ಅನ್ನಿ" ಅಂದ. ಐದು ರೂಪಾಯಿ ಕಮ್ಮಿ ಮಾಡಿಕೊಂಡ.

ನನ್ನ ತವರು ಚನ್ನರಾಯಪಟ್ಟಣ ಹೋಬಳಿ. ಹಾಸನದ್ದಲ್ಲ, ದೇವನಹಳ್ಳಿ ತಾಲ್ಲೂಕಿನದು. ಈ ಹೋಬಳಿಯ ಹೆಸರು ನೀವು ಪೇಪರಿನಲ್ಲಿ ಓದಿರುತ್ತೀರಿ. ಏರೋಸ್ಪೇಸ್ ಪಾರ್ಕಿಗೆ ಅಂತ 13 ಹಳ್ಳಿಗಳ 1,777 ಎಕರೆಗೆ ನೋಟಿಸು ಬಂದಿತ್ತು. ರೈತರು 2022ರಿಂದ ಸಾವಿರ ದಿನಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಡ್ತೀವಿ ಅಂತ ಹೇಳಿತು. ಒಪ್ಪಿ ಕೊಡುವವರಿಂದ ಮಾತ್ರ ತಗೋತೀವಿ ಅಂದಿತು. ನಮ್ಮದು ಎರಡು ಎಕರೆ ಹತ್ತು ಗುಂಟೆ ಅದರೊಳಗಿತ್ತು. ಅಣ್ಣ ವಾರಕ್ಕೆರಡು ದಿನ ಧರಣಿಗೆ ಹೋಗಿ ಕೂತು ಬರುತ್ತಿದ್ದ. ಆ ಮೂರು ವರ್ಷ ಅವನು ಹೊಲಕ್ಕೆ ಒಂದು ಹೊಸ ಗಿಡ ಹಾಕಲಿಲ್ಲ. ಯಾರಿಗೆ ಅಂತ ಹಾಕೋದು ಅನ್ನುತ್ತಿದ್ದ. ಜುಲೈನಲ್ಲಿ ಸುದ್ದಿ ಬಂದ ರಾತ್ರಿ ಫೋನಿನಲ್ಲಿ ಅತ್ತಿದ್ದ. ಅವನು ಅತ್ತದ್ದು ನಾನು ಕೇಳಿದ್ದು ಅಪ್ಪ ಸತ್ತಾಗ ಬಿಟ್ಟರೆ ಅದೇ.

ಈಗ ನವೆಂಬರಿನಲ್ಲಿ, ಸಹಿ.

ಬಸ್ಸಿನಲ್ಲಿ ಮತ್ತೆ ಆಲ್ಫಾಳ ಪುಸ್ತಕ ತೆಗೆದೆ. ಈ ಸಲ ಸಿಟ್ಟು ಬಂತು. ಆ ಕಥೆಯಲ್ಲಿ ಯಾರಿಗೂ ಕೋಪವೇ ಬರುವುದಿಲ್ಲ. ಊರು ಮುಳುಗುತ್ತಿದೆ, ಇವರು ಸೂರ್ಯಾಸ್ತ ನೋಡುತ್ತಾ ಕಾಫಿ ಕುಡಿಯುತ್ತಾರೆ. ರಸ್ತೆ ನೀರಿಗೆ ಹೋದರೆ ಸ್ವಲ್ಪ ಮೇಲೆ ಇನ್ನೊಂದು ದಾರಿ ಮಾಡಿಕೊಳ್ಳುತ್ತಾರೆ. ಸಮುದ್ರ ನೋಟಿಸು ಕೊಟ್ಟು ಬರಲ್ಲ ನಿಜ, ಅದರ ಮುಂದೆ ಧರಣಿ ಕೂರೋಕಾಗಲ್ಲ. ಆದರೂ ಒಬ್ಬರಾದರೂ ಬೈಯಬಾರದಾ? ಮಗಳಿಗೆ ಮೆಸೇಜ್ ಹಾಕಿದೆ. "ಅಮ್ಮಾ, ಅವರು ಬೈದು ಮುಗಿದ ಮೇಲೆ ಕಥೆ ಶುರುವಾಗೋದು" ಅಂತ ಉತ್ತರ ಬಂತು. ಈ ಕಾಲದ ಮಕ್ಕಳಿಗೆ ಎಲ್ಲಕ್ಕೂ ಉತ್ತರ ಇರುತ್ತೆ. ಆದರೂ ಇದು ಮನಸ್ಸಿನಲ್ಲಿ ಉಳಿಯಿತು.

ಊರಿಗೆ ಹೋಗುವ ಮುಂಚೆ ನಲ್ಲೂರಿನಲ್ಲಿ ಇಳಿದೆ. ನೇರ ಮನೆಗೆ ಹೋಗೋಕೆ ಮನಸ್ಸಿರಲಿಲ್ಲ, ಅಷ್ಟೇ. ಆ 13 ಹಳ್ಳಿಗಳಲ್ಲಿ ನಲ್ಲೂರೂ ಒಂದು. ಇಲ್ಲಿನ ಹುಣಸೆ ತೋಪು 54 ಎಕರೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾದ ಜಾಗ. ನೋಡದವರು ಒಮ್ಮೆ ನೋಡಿ. ದೇವನಹಳ್ಳಿಯಿಂದ ಸೂಲಿಬೆಲೆ ಕಡೆ ಹೋಗುವ ಬಸ್ಸು ಹತ್ತಿದರೆ ಸಾಕು. ಸುಮಾರು 300 ಮರ. ಒಂದೊಂದೂ ಒಂದು ಥರ ತಿರುಚಿಕೊಂಡಿದೆ. ಕೆಲವಕ್ಕೆ ಹೊಟ್ಟೆಯೇ ಇಲ್ಲ. ನಡುಕಾಂಡ ಸತ್ತು ಟೊಳ್ಳಾಗಿ, ಸುತ್ತಲಿನ ಬೇರಿನಿಂದ ಮತ್ತೆ ಎದ್ದ ಮರ ತಾಯಿಯನ್ನೇ ತಬ್ಬಿಕೊಂಡು ನಿಂತಿದೆ. ಯಾವುದು ಹಳೇ ಮರ, ಯಾವುದು ಹೊಸದು ಅಂತ ಬೇರ್ಪಡಿಸಲು ಬರಲ್ಲ. ಒಳಗೆ ಪಾಳುಬಿದ್ದ ಗುಡಿಯ ಕಲ್ಲುಗಳು. ಆ ಟೊಳ್ಳೊಂದರ ಪಕ್ಕ ಕೂತು ನಿಸಾರರ ಎರಡು ಪದ್ಯ ಗಟ್ಟಿಯಾಗಿ ಓದಿದೆ. ಕುರಿ ಕಾಯೋ ಹುಡುಗ ದೂರದಿಂದ ನೋಡಿ, ಮಂತ್ರ ಹಾಕ್ತಿದಾಳೆ ಅಂದುಕೊಂಡು ಕುರಿ ಹೊಡ್ಕೊಂಡು ಆ ಕಡೆ ಹೋದ. ಕುರಿಗಳ ಮೇಲೆ ಕನ್ನಡದ ಅತಿ ಪ್ರಸಿದ್ಧ ಪದ್ಯ ಬರೆದ ಕವಿ ಇವರೇ ಕಣೋ ಅಂತ ಕೂಗಿ ಹೇಳೋಣ ಅನ್ನಿಸಿತು.

ಮನೆಯಲ್ಲಿ ಅತ್ತಿಗೆ ಅವರೆಕಾಳು ಉಪ್ಸಾರು ಮಾಡಿದ್ದರು. ಊಟವಾದ ಮೇಲೆ ಅಣ್ಣ ಹೊಲಕ್ಕೆ ಕರೆದುಕೊಂಡು ಹೋದ. ಮಾರೋದು ಇಪ್ಪತ್ತು ಗುಂಟೆಯಂತೆ, ರಸ್ತೆ ಕಡೆಯದು. ಹಳೇ ಬಾವಿ ಇರೋದು ಅಲ್ಲೇ. ಅಪ್ಪ ನೆಟ್ಟ ಎರಡು ಚಕ್ಕೋತದ ಮರ ಇರೋದೂ ಅಲ್ಲೇ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಮಾನ್ಯತೆ ಇದೆ ಅಂತ ಮಕ್ಕಳಿಗೆ ಪಾಠ ಮಾಡಿದವಳು ನಾನು. ಮರಗಳು ಮಾತ್ರ ವರ್ಷ ವರ್ಷ ಕಡಿಮೆ.

"ಮೂರು ವರ್ಷ ಧರಣಿ ಕೂತು ಉಳಿಸ್ಕೊಂಡಿದ್ದನ್ನ ಮಾರ್ತೀಯೇನಣ್ಣ?" ಕೇಳಬಾರದು ಅಂದುಕೊಂಡಿದ್ದೆ, ಕೇಳಿಬಿಟ್ಟೆ.

ಅವನು ಬಾವಿ ಕಟ್ಟೆ ಮೇಲೆ ಕೂತ. "ಅವರು ಕಿತ್ಕೊಳ್ಳೋದು ಬೇರೆ, ನಾನು ಕೊಡೋದು ಬೇರೆ ಕಣಮ್ಮ." ಸ್ವಲ್ಪ ಹೊತ್ತು ಬಿಟ್ಟು, "ಎರಡು ಬೋರು ಫೇಲ್ ಆದ್ವು. ಒಂದು ಸಾವಿರದ ಇನ್ನೂರು ಅಡಿ. ಸಾಲ ಐತೆ. ಮೂರ್ ವರ್ಷ ಪಹಣಿ ಇಟ್ಕೊಂಡು ಎಲ್ಲೂ ಸಾಲ ಹುಟ್ಲಿಲ್ಲ, ಕೈಸಾಲನೇ ಮಾಡ್ದೆ. ನಿಂಗ್ ಹೇಳ್ಲಿಲ್ಲ" ಅಂದ.

ಹೇಳಿರಲಿಲ್ಲ, ನಿಜ. ನಾನೂ ಕೇಳಿರಲಿಲ್ಲ. ನಾನು ದೊಡ್ಡಬಳ್ಳಾಪುರದಲ್ಲಿ ಪಿಂಚಣಿ ತಗೊಂಡು ಪುಸ್ತಕ ಓದುತ್ತಾ, ಹೊಲ ಉಳೀತು ಅಂತ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ದೆ.

ಮೇಲೆ ಒಂದು ವಿಮಾನ ಇಳಿಯೋಕೆ ಹೊರಟಿತ್ತು, ಚಕ್ರ ಬಿಚ್ಚಿಕೊಂಡು. ಮಾತು ಮುಗಿಯುವವರೆಗೂ ಸುಮ್ಮನಿದ್ದೆವು. ಈ ಊರಿನವರಿಗೆ ಅದು ಅಭ್ಯಾಸ. ವಾಕ್ಯದ ನಡುವೆ ನಿಲ್ಲಿಸಿ, ವಿಮಾನ ಹೋದಮೇಲೆ ಅಲ್ಲಿಂದಲೇ ಶುರು ಮಾಡುತ್ತಾರೆ.

ಮನೆಗೆ ಬಂದಾಗ ಅಣ್ಣನ ಮೊಮ್ಮಗ ನನ್ನ ಚೀಲ ಕೆದಕಿ ಪುಸ್ತಕಗಳನ್ನೆಲ್ಲ ಜಗುಲಿ ಮೇಲೆ ಹರಡಿದ್ದ. ಆರನೇ ಕ್ಲಾಸು. ಪಂಚಾಯಿತಿಯ ಅರಿವು ಕೇಂದ್ರದಲ್ಲಿರೋ ಚಿತ್ರದ ಪುಸ್ತಕಗಳನ್ನೆಲ್ಲ ಮುಗಿಸಿದ್ದಾನಂತೆ. ಅಣ್ಣ ಅವನ ಪಕ್ಕ ಕೂತು ಇನ್ನೊಂದು ಮಾಂಗಾ ಎತ್ತಿಕೊಂಡ. ಜಿರೋ ತನಿಗುಚಿಯವರದು, 'ನಡೆಯುವ ಮನುಷ್ಯ' ಅನ್ನಬಹುದು ಅದರ ಹೆಸರನ್ನು. ಒಬ್ಬ ಸಾಧಾರಣ ಗಂಡಸು ತನ್ನ ಊರಿನ ಬೀದಿಗಳಲ್ಲಿ ಸುಮ್ಮನೆ ನಡೆಯುತ್ತಾನೆ. ಮಳೆ ಬರುತ್ತೆ, ನೆನೆಯುತ್ತಾನೆ. ನಾಯಿ ಸಿಗುತ್ತೆ. ಮಾತು ಬಹಳ ಕಡಿಮೆ. ಅಣ್ಣನಿಗೆ ಇಂಗ್ಲಿಷ್ ಬರಲ್ಲ, ಆದರೆ ಈ ಪುಸ್ತಕಕ್ಕೆ ಅದು ಬೇಕಾಗಲೂ ಇಲ್ಲ. ಒಂದು ಕಡೆ ಮಕ್ಕಳ ಆಟದ ವಿಮಾನ ಮರಕ್ಕೆ ಸಿಕ್ಕಿಕೊಂಡಿರುತ್ತೆ, ಈತ ಮರ ಹತ್ತುತ್ತಾನೆ. ಅಣ್ಣ ಆ ಪುಟದಲ್ಲಿ ನಿಂತ.

"ಯಾವೂರಿದು?"

"ಜಪಾನ್ ಕಣಣ್ಣ."

"ಮರ ಹತ್ತೋ ವಯಸ್ಸೇನೋ ಇವಂದು" ಅಂದ. ಪುಟ ಮಾತ್ರ ತಿರುಗಿಸಲಿಲ್ಲ. ಅತ್ತಿಗೆ ಟೀ ತಂದಿಟ್ಟು ಹೋದರು. ಅದು ಕೆನೆಗಟ್ಟಿತು.

ಕಾಗದ ತಂದು ಮುಂದಿಟ್ಟಾಗ ನಾನು ಒಂದೇ ಮಾತು ಕೇಳಿದೆ. ಮೊದಲು ಸರ್ವೇ ಮಾಡಿಸಿ, ಬಾವಿ, ಮರ ಎಲ್ಲಿ ಬರುತ್ತೆ ಅಂತ ನೋಡಿ, ಆಮೇಲೆ ಸಹಿ ಹಾಕ್ತೀನಿ. ಹಾಕಲ್ಲ ಅಂತಲ್ಲ, ಹಾಕೇ ಹಾಕ್ತೀನಿ. ಸಾಲದ ಲೆಕ್ಕ ಅಷ್ಟೂ ನನಗೆ ಹೇಳಬೇಕು, ನನ್ನ ಕೈಲಾದಷ್ಟು ನಾನೂ ಹಾಕ್ತೀನಿ ಅಂದೆ. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಒಳಗೆ ಹೋಗಿ ಎರಡು ಚಕ್ಕೋತ ತಂದು ಚೀಲಕ್ಕೆ ತುರುಕಿದ. ಒಂದೊಂದೂ ಮಗುವಿನ ತಲೆಯಷ್ಟು. ಪುಸ್ತಕಗಳಿಗೆ ಜಾಗವಾಗಲಿಲ್ಲ. ನಿಸಾರರನ್ನು ಕೈಯಲ್ಲಿ ಹಿಡಿದುಕೊಂಡು, ಎರಡೂ ಮಾಂಗಾಗಳನ್ನು ಅಲ್ಲೇ ಬಿಟ್ಟು ಬಂದೆ.

ಮೂರು ದಿನದ ಮೇಲೆ ಅಣ್ಣನ ಫೋನಿನಿಂದ ಮೊಮ್ಮಗ ಮಾತಾಡಿದ. ಆಲ್ಫಾಳ ಪುಸ್ತಕ ಮುಗಿಸಿದೆ ಅಜ್ಜಿ, ಆದರೆ ಅರ್ಥ ಆಗಲಿಲ್ಲ ಅಂದ. ಏನು ಕಥೆ ಹೇಳು ನೋಡೋಣ ಅಂದೆ. ಆ ಅಕ್ಕ ಪೇಟೆಯಿಂದ ತಂದ ಕಾಫಿ ಬೀಜ ವಾಪಸ್ ಕೊಟ್ಟು ಬರುತ್ತಾಳಂತೆ. ಸ್ಕೂಟರ್ ಹಿಂದಕ್ಕೇ ಹೋಗುತ್ತಂತೆ. ಸಮುದ್ರ ಸ್ವಲ್ಪ ಸ್ವಲ್ಪ ಇಳಿದು, ಮುಳುಗಿದ ರಸ್ತೆ ಮೇಲೆ ಬರುತ್ತಂತೆ. ನಮ್ಮ ಪುಸ್ತಕ ಓದುವ ಹಾಗೆ ಎಡದಿಂದ ಶುರು ಮಾಡಿದ್ದಾನೆ.

ಬಲದಿಂದ ಓದಬೇಕು ಕಣೋ ಅಂತ ಹೇಳಿಕೊಟ್ಟೆ. ಸರಿ ಅಂದ. ಆಮೇಲೆ, "ತಾತ ಹೇಳಿದ್ರು, ಸರ್ವೇ ಶುಕ್ರವಾರ ಅಂತೆ" ಅಂದು ಫೋನ್ ಇಟ್ಟ.